ವೃತ್ತದ ತುಂಡುಗಳನ್ನು ಜೋಡಿಸುವ ಅನಿಮೇಷನ್: ಅಲೆಯಂತಿರುವ ಅಂಚು ನೇರವಾಗುವುದನ್ನು ಮಕ್ಕಳಿಗೆ ತೋರಿಸುವುದು ಹೇಗೆ?

ಪ್ರಶ್ನೆ: ಗಣಿತ ಶಿಕ್ಷಕಿ, ಮುಧೋಳ ತಾಲೂಕು

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎರಡು ವರ್ಷಗಳಿಂದ ಪಾಠಕ್ಕೆ ಹೊಂದುವ ಚಿಕ್ಕ ಅನಿಮೇಷನ್‌ಗಳನ್ನು ನಾನೇ ಮಾಡುತ್ತಿದ್ದೇನೆ. ಮೊದಲು ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಸ್ಲೈಡರ್ ಎಳೆದು ತೋರಿಸುತ್ತಿದ್ದೆ. ಆಮೇಲೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಸ್ವಲ್ಪ ಕಲಿತು, ಈಗ ಅದರಲ್ಲಿ ಗಣಿತದ ಅನಿಮೇಷನ್ ಮಾಡುವ ಮ್ಯಾನಿಮ್ ಎಂಬ ಉಪಕರಣ ಬಳಸಿ ಮೂವತ್ತರಿಂದ ಐವತ್ತು ಸೆಕೆಂಡಿನ ತುಣುಕುಗಳನ್ನು ಸಿದ್ಧಪಡಿಸಿ, ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ ಶಾಲೆಯ ಟಿವಿಯಲ್ಲಿ ತೋರಿಸುತ್ತೇನೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ, ಇನ್ನೊಮ್ಮೆ ಹಾಕಿರಿ ಎನ್ನುತ್ತಾರೆ. ಆದರೆ ನನಗೆ ಸಮಾಧಾನವಿಲ್ಲ.

ಹತ್ತನೆಯ ತರಗತಿಯಲ್ಲಿ ವೃತ್ತದ ವಿಸ್ತೀರ್ಣದ ಪಾಠ ಮಾಡುವಾಗ, ವೃತ್ತವನ್ನು 16 ಸಮ ತುಂಡುಗಳಾಗಿ ಸೀಳಿ, ಅರ್ಧದಷ್ಟು ತುಂಡುಗಳನ್ನು ಚೂಪು ಮೇಲಾಗಿ, ಉಳಿದರ್ಧವನ್ನು ಚೂಪು ಕೆಳಗಾಗಿ, ಹಲ್ಲಿಗೆ ಹಲ್ಲು ಕೂರುವಂತೆ ಜೋಡಿಸುವ ಅನಿಮೇಷನ್ ತೋರಿಸಿದೆ. ತುಂಡುಗಳು 32, 64 ಆದಂತೆ ಆಕೃತಿ ಆಯತದ ಹಾಗೆ ಕಾಣುತ್ತದೆ. ಅದರ ಎತ್ತರ ತ್ರಿಜ್ಯ, ಉದ್ದ ಪರಿಧಿಯ ಅರ್ಧ. ಆದ್ದರಿಂದ ವಿಸ್ತೀರ್ಣ ಪೈ ಗುಣಿಸು ತ್ರಿಜ್ಯದ ವರ್ಗ. ಕೊನೆಯಲ್ಲಿ ಅಲೆಯಂತಿದ್ದ ಮೇಲಂಚು ಮತ್ತು ಕೆಳಂಚುಗಳನ್ನು ಎರಡು ಸೆಕೆಂಡಿನಲ್ಲಿ ಮೆಲ್ಲಗೆ ನೇರಗೆರೆಗಳಾಗಿ ಕರಗಿಸಿದ್ದೆ. ನೋಡಲು ಬಹಳ ಚೆನ್ನಾಗಿತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಅಕ್ಕೋರ, ಮ್ಯಾಲಿನ ಗೆರಿ ಇನ್ನೂ ಡೊಂಕ ಇತ್ತು, ನೀವು ಟಿವ್ಯಾಗ ಅದನ್ನ ಸೀದಾ ಮಾಡಿದ್ರಿ. ಖರೇನ ಅದು ತಾನಾಗೇ ಸೀದಾ ಆಗತೈತೇನ್ರಿ?”

ತುಂಡುಗಳು ಹೆಚ್ಚಾದಂತೆ ಆಗುತ್ತದೆ ಎಂದು ಹೇಳಿ ಕೂರಿಸಿದೆ. ಆ ಉತ್ತರ ಅವನಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಹದಿನೈದು ದಿನಗಳ ನಂತರ ಕಿರುಪರೀಕ್ಷೆಯಲ್ಲಿ “ಆಯತದ ಉದ್ದ ಪರಿಧಿಯ ಅರ್ಧವೇ ಏಕೆ?” ಎಂದು ಕೇಳಿದಾಗ, 34 ಮಕ್ಕಳಲ್ಲಿ ಐವರು ಮಾತ್ರ ಕಾರಣ ಬರೆದರು. ಉಳಿದವರು ಟಿವಿಯಲ್ಲಿ ಹಾಗೆ ಬಂತು ಎಂಬ ಅರ್ಥದ ಮಾತುಗಳನ್ನು ಬರೆದಿದ್ದರು.

ಆ ಅಂಚಿನ ಪ್ರಶ್ನೆಗೆ, ಸೀಮೆಯ (ಲಿಮಿಟ್) ಕಲನಶಾಸ್ತ್ರವನ್ನು ತರದೆ, ಹದಿನೈದು ವರ್ಷದ ಮಕ್ಕಳಿಗೆ ಒಪ್ಪಿಗೆಯಾಗುವಂತೆ ಚಿಕ್ಕ ಅನಿಮೇಷನ್‌ನಲ್ಲೇ ಉತ್ತರ ಕೊಡಲು ಸಾಧ್ಯವೇ? ನೋಡಿದ ಮೇಲೂ ಕಾರಣ ಮನಸ್ಸಿನಲ್ಲಿ ಉಳಿಯಬೇಕಾದರೆ ತುಣುಕನ್ನು ಹೇಗೆ ಕಟ್ಟಬೇಕು? ಅನುಭವವಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.


ಉತ್ತರ: ನಿವೃತ್ತ ಉಪನ್ಯಾಸಕ, ವಿಜಯಪುರ

ಮೇಡಂ ಅವರಿಗೆ ನಮಸ್ಕಾರ. ಮೊದಲು ಆ ಹುಡುಗನಿಗೆ, ಅವನು ಹೇಳಿದ್ದು ಸರಿ ಎಂದು ಇಡೀ ತರಗತಿಯ ಎದುರು ಹೇಳಿರಿ. 16 ತುಂಡುಗಳಿದ್ದರೂ, 1,600 ತುಂಡುಗಳಿದ್ದರೂ ಆ ಅಂಚು ಎಂದಿಗೂ ನೇರವಾಗುವುದಿಲ್ಲ. ಪ್ರತಿ ತುಂಡಿನ ಬುಡವೂ ವೃತ್ತದ ಕಂಸವೇ ಆಗಿರುವುದರಿಂದ ಅಲ್ಲೊಂದು ಉಬ್ಬು ಇದ್ದೇ ಇರುತ್ತದೆ. ನೇರವಾದಂತೆ ಕಾಣುತ್ತದೆ ಎಂಬುದಕ್ಕೂ, ನೇರವೆಂದು ಲೆಕ್ಕ ಹಿಡಿದರೆ ತಪ್ಪಾಗುವುದಿಲ್ಲ ಎಂಬುದಕ್ಕೂ ನಡುವೆ ಒಂದು ವಾದ ಬೇಕು. ನಿಮ್ಮ ತುಣುಕಿನಲ್ಲಿ ಇಲ್ಲದಿದ್ದುದು ಆ ವಾದ. ಹುಡುಗ ಕೈಯಿಟ್ಟದ್ದು ಸರಿಯಾಗಿ ಅಲ್ಲೇ.

ಆ ವಾದ ಏಕೆ ಬೇಕು ಎಂದು ಮಕ್ಕಳಿಗೆ ಮನವರಿಕೆಯಾಗಬೇಕಾದರೆ, ಅದಕ್ಕೂ ಮೊದಲು ಇನ್ನೊಂದು ತುಣುಕನ್ನು ತೋರಿಸಿರಿ. 10 ಸೆಂಟಿಮೀಟರ್ ಬಾಹುವಿನ ಒಂದು ಚೌಕ ಬರೆದು, ಅದರ ಒಂದು ಮೂಲೆಯಿಂದ ಎದುರಿನ ಮೂಲೆಗೆ ಅಡ್ಡ ಹತ್ತು, ಮೇಲಕ್ಕೆ ಹತ್ತು ಸಾಗುವ ದಾರಿಯನ್ನು ಎಳೆಯಿರಿ. ದಾರಿಯ ಉದ್ದ 20. ಈಗ ಅದನ್ನು ಎರಡು ಮೆಟ್ಟಿಲುಗಳಾಗಿ ಮಡಿಸಿರಿ, ಆಮೇಲೆ ನಾಲ್ಕು, ಎಂಟು, ಹದಿನಾರು. ಮೆಟ್ಟಿಲುಗಳು ಚಿಕ್ಕವಾಗುತ್ತಾ ಹೋಗಿ ಕೊನೆಗೆ ಕಣ್ಣಿಗೆ ಚೌಕದ ಕರ್ಣವೇ ಕಾಣುತ್ತದೆ. ಆದರೆ ಕರ್ಣದ ಉದ್ದ 14.14, ಮೆಟ್ಟಿಲು ದಾರಿಯ ಉದ್ದ ಪ್ರತಿಸಲವೂ 20. ಕಣ್ಣಿಗೆ ಒಂದಾದ ಮಾತ್ರಕ್ಕೆ ಅಳತೆ ಒಂದಾಗುವುದಿಲ್ಲ ಎಂಬುದು ಇಲ್ಲಿ ಮಕ್ಕಳಿಗೆ ಗಟ್ಟಿಯಾಗಿ ನಾಟುತ್ತದೆ. ಇದೇ ಚಿತ್ರದಲ್ಲಿ ಮೆಟ್ಟಿಲಿಗೂ ಕರ್ಣಕ್ಕೂ ನಡುವೆ ಸಿಕ್ಕಿರುವ ಜಾಗಕ್ಕೆ ಬಣ್ಣ ತುಂಬಿ ಅದರ ವಿಸ್ತೀರ್ಣವನ್ನೂ ಲೆಕ್ಕ ಹಾಕಿಸಿರಿ. ಅದು 50, 25, 12.5 ಎಂದು ಪ್ರತಿಸಲ ಅರ್ಧವಾಗುತ್ತಾ ಸೊನ್ನೆಯ ಕಡೆಗೆ ಹೋಗುತ್ತದೆ. ಅಂದರೆ ವಿಸ್ತೀರ್ಣದ ಮಟ್ಟಿಗೆ ಕಣ್ಣು ಹೇಳಿದ್ದು ಸರಿ, ಉದ್ದದ ಮಟ್ಟಿಗೆ ತಪ್ಪು. ಈ ಭೇದ ತಿಳಿದ ಮೇಲೆ ವೃತ್ತಕ್ಕೆ ಬರಬೇಕು.

ವೃತ್ತದಲ್ಲಿ ನನ್ನ ಸಲಹೆ ಇಷ್ಟು: ತ್ರಿಜ್ಯಾಂತರ ಖಂಡಗಳನ್ನು (ನೀವು ಸೀಳಿದ ಆ ತುಂಡುಗಳನ್ನು) ಜೋಡಿಸುವ ಬದಲು ಅವುಗಳೊಳಗಿನ ತ್ರಿಭುಜಗಳನ್ನು ಜೋಡಿಸಿರಿ. 10 ಸೆಂಟಿಮೀಟರ್ ತ್ರಿಜ್ಯದ ವೃತ್ತದೊಳಗೆ ಸಮ ಅಷ್ಟಭುಜ ಬರೆದು, ಕೇಂದ್ರದಿಂದ ಶೃಂಗಗಳಿಗೆ ಗೆರೆ ಎಳೆದರೆ ಎಂಟು ತ್ರಿಭುಜಗಳು ಸಿಗುತ್ತವೆ. ಅವುಗಳಲ್ಲಿ ಒಂದು ಬಿಟ್ಟು ಒಂದನ್ನು ತಲೆಕೆಳಗು ಮಾಡಿ ಒಂದರ ಪಕ್ಕ ಒಂದು ಕೂರಿಸಿದರೆ ಆಗುವುದು ಅಪ್ಪಟ ಸಮಾಂತರ ಚತುರ್ಭುಜ. ಅದರ ಮೇಲಂಚು ನಿಜವಾಗಿಯೂ ನೇರ, ಯಾವ ಕರಗಿಸುವಿಕೆಯೂ ಬೇಡ. ಬುಡ 30.61, ಎತ್ತರ 9.24. ಹದಿನಾರು ಭುಜಗಳಾದಾಗ ಬುಡ 31.21, ಎತ್ತರ 9.81. ಮೂವತ್ತೆರಡಕ್ಕೆ 31.37 ಮತ್ತು 9.95. ಅರವತ್ನಾಲ್ಕಕ್ಕೆ 31.40 ಮತ್ತು 9.99. ಬುಡ ಪರಿಧಿಯ ಅರ್ಧವಾದ 31.42ರ ಕಡೆಗೆ, ಎತ್ತರ ತ್ರಿಜ್ಯವಾದ 10ರ ಕಡೆಗೆ ನಡೆಯುತ್ತಿರುವುದನ್ನು ಮಕ್ಕಳು ಅಂಕಿಗಳಲ್ಲೇ ಓದುತ್ತಾರೆ. ಇಲ್ಲಿ ಉದ್ದದ ಮಾತು ಮೆಟ್ಟಿಲಿನಂತೆ ಕೈಕೊಡುವುದಿಲ್ಲ, ಏಕೆಂದರೆ ಮೆಟ್ಟಿಲು ಎಷ್ಟೇ ಚಿಕ್ಕದಾದರೂ ಕರ್ಣದ ದಿಕ್ಕಿಗೆ 45 ಡಿಗ್ರಿ ತಿರುಗಿಯೇ ಇರುತ್ತದೆ, ಬಹುಭುಜಾಕೃತಿಯ ಜ್ಯಾಗಳಾದರೋ (ವೃತ್ತದ ಎರಡು ಬಿಂದುಗಳನ್ನು ಸೇರಿಸುವ ನೇರಗೆರೆಗಳು) ಭುಜಗಳು ಹೆಚ್ಚಾದಂತೆ ವೃತ್ತ ಸಾಗುವ ದಿಕ್ಕಿಗೇ ಬಾಗುತ್ತಾ ಹೋಗುತ್ತವೆ.

ಇನ್ನು ಹೊರಗುಳಿದ ಬಿಲ್ಲಿನಾಕಾರದ ಚೂರುಗಳು. ಅವುಗಳಿಗೆ ಬೇರೆ ಬಣ್ಣ ಕೊಟ್ಟು ಪಕ್ಕದಲ್ಲಿ ರಾಶಿ ಹಾಕಿರಿ, ಎಲ್ಲಿಯೂ ಬಚ್ಚಿಡಬೇಡಿರಿ. ಈಗ ಒಂದೇ ಚೂರನ್ನು ಪರದೆಯ ತುಂಬ ದೊಡ್ಡದಾಗಿ ತೋರಿಸಿರಿ. ಕೆಳಗೆ ಜ್ಯಾ, ಮೇಲೆ ಕಂಸ. ಕಂಸದ ನಡುಬಿಂದುವಿನಲ್ಲಿ ಜ್ಯಾಗೆ ಸಮಾಂತರವಾಗಿ ಒಂದು ಸ್ಪರ್ಶಕ ಎಳೆದು, ಎರಡೂ ಬದಿಗೆ ಲಂಬ ಇಳಿಸಿದರೆ ಚೂರನ್ನು ಪೂರ್ತಿಯಾಗಿ ಒಳಗೊಂಡ ಒಂದು ಆಯತ ಆಗುತ್ತದೆ. ನಡುಬಿಂದುವನ್ನು ಜ್ಯಾದ ಎರಡು ತುದಿಗಳಿಗೆ ಸೇರಿಸಿದರೆ ಬರುವ ತ್ರಿಭುಜ ಆ ಆಯತದ ಸರಿಯಾಗಿ ಅರ್ಧ. ಚೂರು ಆಯತಕ್ಕಿಂತ ಚಿಕ್ಕದು. ಆದ್ದರಿಂದ ತ್ರಿಭುಜವು ಚೂರಿನ ಅರ್ಧಕ್ಕಿಂತ ಹೆಚ್ಚು. ಭುಜಗಳ ಸಂಖ್ಯೆಯನ್ನು ಇಮ್ಮಡಿ ಮಾಡಿದಾಗ ಬಹುಭುಜಾಕೃತಿಗೆ ಸೇರುವುದು ಇದೇ ತ್ರಿಭುಜ. ಎಂದರೆ ಪ್ರತಿ ಇಮ್ಮಡಿಗೂ ಉಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿಬಿಡುತ್ತದೆ. ಹತ್ತು ಸಲ ಇಮ್ಮಡಿ ಮಾಡಿದರೆ ಉಳಿಯುವುದು ಮೊದಲಿನ ಉಳಿಕೆಯ 1,024ನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇದು ಯೂಕ್ಲಿಡನ ವಾದ. ಇದಕ್ಕೆ ಹತ್ತನೆಯ ತರಗತಿಯ ಮಕ್ಕಳಿಗೆ ಗೊತ್ತಿಲ್ಲದ ಒಂದು ಶಬ್ದವೂ ಬೇಡ. ಇಡೀ ಪಾಠದಲ್ಲಿ ನಿಮ್ಮ ಅನಿಮೇಷನ್ ಅತಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ ಎಂದು ನನ್ನ ದೃಢವಾದ ಅಭಿಪ್ರಾಯ.

ಕೊನೆಯದಾಗಿ ಒಂದು ಸಂತೋಷದ ವಿಷಯವನ್ನು ಹೇಳಬೇಕು. ವೃತ್ತದ ವಿಸ್ತೀರ್ಣ ಅರ್ಧಪರಿಧಿ ಮತ್ತು ಅರ್ಧವ್ಯಾಸಗಳ ಗುಣಲಬ್ಧ ಎಂದು ಆರ್ಯಭಟರು 499ರಲ್ಲೇ ಹೇಳಿದ್ದಾರೆ. ನೀವು ಮಾಡಿದ ಜೋಡಣೆಯನ್ನು ಗಣೇಶ ದೈವಜ್ಞರು 1545ರಲ್ಲಿ ಭಾಸ್ಕರಾಚಾರ್ಯರ ಲೀಲಾವತಿಗೆ ಬರೆದ ವ್ಯಾಖ್ಯಾನದಲ್ಲಿ ಮಾತಿನಲ್ಲೇ ಚಿತ್ರಿಸಿದ್ದಾರೆ. ವೃತ್ತವನ್ನು ಎರಡು ಅರ್ಧಗಳಾಗಿ ಮಾಡಿ, ಪ್ರತಿ ಅರ್ಧವನ್ನು ಸೂಜಿಯ ಮೊನೆಯಂಥ ತುಂಡುಗಳಾಗಿ ಸೀಳಿ, ಪರಿಧಿ ನೇರವಾಗುವಂತೆ ಬಿಡಿಸಿ ಹಾಸಿ, ಒಂದರ ಮೊನೆಗಳನ್ನು ಇನ್ನೊಂದರ ಸಂದುಗಳಲ್ಲಿ ಕೂರಿಸಬೇಕು ಎನ್ನುತ್ತಾರೆ. ಓದುವಾಗ ತುಂಡುಗಳು ಕಣ್ಣ ಮುಂದೆ ಓಡಾಡುತ್ತವೆ. ಭಾಸ್ಕರಾಚಾರ್ಯರು ತಮ್ಮ ಊರೆಂದು ಹೇಳಿಕೊಂಡ ವಿಜ್ಜಡವಿಡವು ನಮ್ಮ ವಿಜಯಪುರವೇ ಎಂದು ಇಲ್ಲಿ ಹಲವರು ನಂಬುತ್ತಾರೆ, ಮಹಾರಾಷ್ಟ್ರದ ವಿದ್ವಾಂಸರು ಅದನ್ನು ತಮ್ಮ ಕಡೆಗೆ ಗುರುತಿಸುತ್ತಾರೆ. ಆ ಚರ್ಚೆ ಏನೇ ಇರಲಿ, ಲೀಲಾವತಿಯ ಲೆಕ್ಕಗಳೇ ಅನಿಮೇಷನ್‌ಗಾಗಿ ಹೇಳಿಮಾಡಿಸಿದಂತಿವೆ. 32 ಮೊಳದ ಬಿದಿರು ಗಾಳಿಗೆ ಮುರಿದು, ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿತು, ಎಲ್ಲಿ ಮುರಿಯಿತು? ಉತ್ತರ 12 ಮೊಳ. ಮುರಿಯುವ ಜಾಗವನ್ನು ಮಕ್ಕಳೇ ಸ್ಲೈಡರ್‌ನಿಂದ ಮೇಲೆ ಕೆಳಗೆ ಮಾಡಿ ನೋಡಲಿ: ಬಹಳ ಎತ್ತರದಲ್ಲಿ ಮುರಿದರೆ ತುದಿ ನೆಲವನ್ನೇ ಮುಟ್ಟುವುದಿಲ್ಲ, ತೀರ ಕೆಳಗೆ ಮುರಿದರೆ 16 ಮೊಳವನ್ನು ದಾಟಿ ಆಚೆ ಬೀಳುತ್ತದೆ.


ಉತ್ತರ: ನೇಕಾರರ ಮನೆಯ ಶಿಕ್ಷಕ, ಇಳಕಲ್ಲು

ಹಿರಿಯರು ಹೇಳಿದ ಮೆಟ್ಟಿಲಿನ ಉದಾಹರಣೆ ಓದಿ ನನಗೆ ಮಗ್ಗ ನೆನಪಾಯಿತು. ಬಟ್ಟೆಯಲ್ಲಿ ನೂಲು ಹೋಗುವುದು ಹಾಸು ಮತ್ತು ಹೊಕ್ಕು ಎಂಬ ಎರಡೇ ದಿಕ್ಕಿಗೆ. ಆದ್ದರಿಂದ ಇಳಕಲ್ಲ ಸೀರೆಯ ಸೆರಗಿನ ತೋಪತೆನಿ ಎಂಬ ವಿನ್ಯಾಸದಲ್ಲಿ ಓರೆಯಾಗಿ ಕಾಣುವ ಅಂಚೂ ಹತ್ತಿರದಿಂದ ನೋಡಿದರೆ ಮೆಟ್ಟಿಲೇ. ನನ್ನ ತರಗತಿಯಲ್ಲಿ ಮನೆಯಿಂದ ಹಳೆಯ ಸೆರಗಿನ ತುಂಡೊಂದನ್ನು ತರಿಸಿ, ಮಸೂರದ ಕೆಳಗೆ ಆ ಅಂಚನ್ನು ತೋರಿಸಿದ ಮೇಲೆಯೇ ಅನಿಮೇಷನ್ ಹಾಕುತ್ತೇನೆ. ದೂರದಿಂದ ಓರೆ, ಹತ್ತಿರದಿಂದ ಮೆಟ್ಟಿಲು ಎಂಬುದನ್ನು ಕೈಯಲ್ಲಿ ಹಿಡಿದು ನೋಡಿದ ಮಕ್ಕಳಿಗೆ ಪರದೆಯ ಮೇಲಿನ ಮೆಟ್ಟಿಲು ಹೊಸದೆನಿಸುವುದಿಲ್ಲ.

ಮೇಡಂ ಅವರ ಎರಡನೆಯ ಪ್ರಶ್ನೆಗೆ ನನ್ನ ಅನುಭವ ಹೀಗಿದೆ. ನಾವು ಮಾಡಿದ ಅನಿಮೇಷನ್‌ಗಿಂತ ಮಕ್ಕಳೇ ಮಾಡಿದ್ದು ಹೆಚ್ಚು ದಿನ ನೆನಪಿನಲ್ಲಿರುತ್ತದೆ. ಕರೆಂಟು ಇಲ್ಲದ ದಿನ ನಾನು ಹಳೆಯ ನೋಟ್‌ಬುಕ್ಕಿನ ಹಾಳೆಗಳನ್ನು ಅಂಗೈಯಗಲ ಕತ್ತರಿಸಿ, 24 ಹಾಳೆಗಳ ಒಂದು ಕಟ್ಟು ಮಾಡಿ ಕೊಡುತ್ತೇನೆ. ಪ್ರತಿ ಹಾಳೆಯ ಬಲತುದಿಯಲ್ಲಿ ಚಿತ್ರವನ್ನು ತುಸು ತುಸು ಬದಲಿಸುತ್ತಾ ಬರೆದು, ಹೆಬ್ಬೆರಳಿನಿಂದ ಸರ‍್ರನೆ ಬಿಟ್ಟರೆ ಚಿತ್ರ ಓಡುತ್ತದೆ. ಬೆಸಸಂಖ್ಯೆಗಳನ್ನು ಕೂಡಿದರೆ ವರ್ಗಸಂಖ್ಯೆ ಬರುತ್ತದೆ ಎಂಬುದಕ್ಕೆ ಇದು ಬಹಳ ಒಳ್ಳೆಯದು: ಒಂದು ಚುಕ್ಕೆ, ಅದರ ಸುತ್ತ ಮೂರು ಚುಕ್ಕೆಗಳ ಮೂಲೆ, ಆಮೇಲೆ ಐದರ ಮೂಲೆ, ಏಳರ ಮೂಲೆ. ಹದಿನೈದನೆಯ ಹಾಳೆಯಲ್ಲಿ ಎಷ್ಟು ಚುಕ್ಕೆ ಇಡಬೇಕು ಎಂದು ಯೋಚಿಸದೆ ಆ ಹಾಳೆ ಬರೆಯಲು ಬರುವುದಿಲ್ಲ, ಆ ಯೋಚನೆಯೇ ಪಾಠ. ವೃತ್ತಕ್ಕಾದರೆ ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ ಚೆನ್ನಾಗಿ ಒದಗುತ್ತದೆ. ಹೊರಗಿನ ಬಿಲ್ಲುಚೂರುಗಳನ್ನು ಕತ್ತರಿಸಿ ಬೇರೆ ಚೀಲದಲ್ಲಿ ಹಾಕಿಡಲು ಹೇಳಿರಿ.


ಉತ್ತರ: ಅನಿಮೇಷನ್ ಮಾಡುವ ಉಪನ್ಯಾಸಕಿ, ಬೆಳಗಾವಿ

ನಾನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗಣಿತ ಹೇಳುತ್ತೇನೆ, ಮ್ಯಾನಿಮ್‌ನಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಉಪಕರಣದ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಮೇಡಂ, ಆ ಹುಡುಗ ತಡೆದ ಜಾಗದಲ್ಲಿ ನೀವು ಬಳಸಿದ್ದು ಟ್ರಾನ್ಸ್‌ಫಾರ್ಮ್ ಎಂಬ ಆಜ್ಞೆಯೇ ಇರಬೇಕು. ಅದು ಮೊದಲ ಆಕೃತಿಯ ಪ್ರತಿ ಬಿಂದುವನ್ನೂ ಎರಡನೆಯ ಆಕೃತಿಯ ಒಂದು ಬಿಂದುವಿನ ಕಡೆಗೆ ಎಳೆದುಕೊಂಡು ಹೋಗುತ್ತದೆ, ಅಷ್ಟೆ. ನಡುವೆ ವಿಸ್ತೀರ್ಣ ಉಳಿಯಿತೋ ಇಲ್ಲವೋ, ಉದ್ದ ಉಳಿಯಿತೋ ಇಲ್ಲವೋ ಎಂಬುದರ ಪರಿವೆ ಅದಕ್ಕಿಲ್ಲ. ಆನೆಯನ್ನು ಇರುವೆಯಾಗಿಯೂ ಅಷ್ಟೇ ನಯವಾಗಿ ಕರಗಿಸುತ್ತದೆ. ಆದ್ದರಿಂದ ವಿಸ್ತೀರ್ಣದ ಸಾಧನೆಯಲ್ಲಿ ನಾನು ಇಟ್ಟುಕೊಂಡಿರುವ ಕಟ್ಟುಪಾಡು ಹೀಗಿದೆ: ತುಂಡುಗಳನ್ನು ಸರಿಸಬಹುದು, ತಿರುಗಿಸಬಹುದು, ಮಗುಚಬಹುದು, ಹಿಗ್ಗಿಸುವಂತಿಲ್ಲ, ಕುಗ್ಗಿಸುವಂತಿಲ್ಲ, ಕರಗಿಸುವಂತಿಲ್ಲ. ಒಂದು ಬಣ್ಣ ಕೊಟ್ಟ ತುಂಡು ಕೊನೆಯವರೆಗೂ ಅದೇ ಬಣ್ಣದಲ್ಲಿರಬೇಕು, ಕಣ್ಣಿಂದ ಮರೆಯಾಗಬಾರದು. ಇದನ್ನು ಮಕ್ಕಳಿಗೂ ಮೊದಲೇ ಹೇಳಿಬಿಟ್ಟರೆ, ಯಾವುದಾದರೂ ತುಂಡು ಆಕಾರ ಬದಲಿಸಿದ ಕೂಡಲೇ ಅವರೇ ಎದ್ದು ಹಿಡಿಯುತ್ತಾರೆ.

ಈ ಕಟ್ಟುಪಾಡಿಗೆ ಸೊಗಸಾದ ಉದಾಹರಣೆ ಭಾಸ್ಕರಾಚಾರ್ಯರ ಬೀಜಗಣಿತ ಎಂಬ ಗ್ರಂಥದಲ್ಲಿಯೇ ಇದೆ. 15 ಮತ್ತು 20 ಬಾಹುಗಳ ಲಂಬಕೋನ ತ್ರಿಭುಜದ ನಾಲ್ಕು ಪ್ರತಿಗಳನ್ನು ವಿಕರ್ಣಗಳು ಹೊರಗೆ ಬರುವಂತೆ ಸುತ್ತ ಜೋಡಿಸಿದರೆ ನಡುವೆ 5 ಬಾಹುವಿನ ಒಂದು ಚಿಕ್ಕ ಚೌಕ ಉಳಿಯುತ್ತದೆ. ನಾಲ್ಕು ತ್ರಿಭುಜಗಳು ಒಟ್ಟು 600, ಚಿಕ್ಕ ಚೌಕ 25, ಎರಡೂ ಸೇರಿ 625. ಅಂದರೆ ವಿಕರ್ಣ 25. ಇಲ್ಲಿ ನಾಲ್ಕು ಬರಿಯ ತಿರುಗಣೆಗಳಲ್ಲಿ ಇಡೀ ಸಾಧನೆ ಮುಗಿಯುತ್ತದೆ. ನಾನು ಇದನ್ನು 25 ಸೆಕೆಂಡಿನಲ್ಲಿ ಮಾಡಿದ್ದೇನೆ, ಒಂದು ಅಕ್ಷರವೂ ಪರದೆಯ ಮೇಲೆ ಬರುವುದಿಲ್ಲ.

ಇನ್ನು ವೇಗ. ಮ್ಯಾನಿಮ್‌ನಲ್ಲಿ ನೀವು ಬೇರೆ ಹೇಳದಿದ್ದರೆ ಪ್ರತಿ ಚಲನೆಯೂ ಮೆಲ್ಲಗೆ ಶುರುವಾಗಿ, ನಡುವೆ ವೇಗ ಹೆಚ್ಚಿ, ಮತ್ತೆ ಮೆಲ್ಲಗೆ ನಿಲ್ಲುತ್ತದೆ. ತುಂಡು ಸರಿಸಲು ಅದು ಚೆನ್ನ. ಆದರೆ ವೃತ್ತದ ಮೇಲೆ ಸುತ್ತುವ ಬಿಂದುವಿನಿಂದ ಸೈನ್ ರೇಖೆ ಹುಟ್ಟುವುದನ್ನು ನಾನು ಪಿಯು ಮಕ್ಕಳಿಗೆ ತೋರಿಸಿದಾಗ, ಶುರುವಿನಲ್ಲಿ ಸೈನ್ ನಿಧಾನವಾಗಿ ಬೆಳೆಯುತ್ತದೆ ಎಂದು ಹಲವರು ಬರೆದುಕೊಂಡರು. ನಿಜ ಇದಕ್ಕೆ ವಿರುದ್ಧ, ಸೊನ್ನೆಯ ಹತ್ತಿರವೇ ಅದರ ಏರಿಕೆ ಅತಿ ಹೆಚ್ಚು. ತಪ್ಪು ಮಕ್ಕಳದಲ್ಲ, ನನ್ನ ಬಿಂದುವೇ ಮೆಲ್ಲಗೆ ಹೊರಟಿತ್ತು. ದರವೇ ಪಾಠವಾಗಿರುವ ಕಡೆ ಚಲನೆಯ ವೇಗವನ್ನು ನಿರ್ಧರಿಸುವ ರೇಟ್ ಫಂಕ್ಷನ್ ಅನ್ನು ಲೀನಿಯರ್ (ಒಂದೇ ವೇಗದ್ದು) ಮಾಡಿಕೊಳ್ಳಿರಿ.

ನೆನಪಿನ ಮಾತಿಗೆ ಬರುತ್ತೇನೆ. ನನ್ನ ಹಳೆಯ ತುಣುಕುಗಳು ಎಲ್ಲಿಯೂ ನಿಲ್ಲದೆ ಓಡುತ್ತಿದ್ದವು. ಈಗ ಪ್ರತಿ ತುಣುಕನ್ನು ಮೂರು ಅಥವಾ ನಾಲ್ಕು ಪ್ರತ್ಯೇಕ ಫೈಲುಗಳಾಗಿ ಒಡೆದು, ಮುಂದೇನಾಗುತ್ತದೆ ಎಂದು ಊಹಿಸಬಹುದಾದ ಜಾಗದಲ್ಲೇ ಒಂದೊಂದನ್ನೂ ನಿಲ್ಲಿಸುತ್ತೇನೆ. ಊಹೆಯನ್ನು ಬಾಯಲ್ಲಿ ಹೇಳಿಸುವುದಿಲ್ಲ, ಬರೆಸುತ್ತೇನೆ. ಬಾಯಲ್ಲಾದರೆ ಮುಂದಿನ ಸಾಲಿನ ಒಬ್ಬರು ಹೇಳಿದ್ದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಹಿರಿಯರು ಹೇಳಿದ ಬಿಲ್ಲುಚೂರಿನ ವಾದದಲ್ಲಿ, ಆಯತ ಬಂದ ಕೂಡಲೇ ನಿಲ್ಲಿಸಿ “ತ್ರಿಭುಜ ಚೂರಿನ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ, ಏಕೆ?” ಎಂದು ಕೇಳಿರಿ. ಅನಿಮೇಷನ್ ಉತ್ತರ ಹೇಳುವ ಮೊದಲು ಮಕ್ಕಳು ಹೇಳಿರಬೇಕು. ಹಿನ್ನೆಲೆ ಸಂಗೀತ ಬೇಡವೇ ಬೇಡ.

ಕನ್ನಡ ಅಕ್ಷರಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಮುಂದೆ ಎದುರಾಗುವುದರಿಂದ ಹೇಳುತ್ತೇನೆ. ಟೆಕ್ಸ್ಟ್ ಎಂಬ ಆಜ್ಞೆ ಒತ್ತಕ್ಷರಗಳನ್ನು ಸರಿಯಾಗಿಯೇ ಮೂಡಿಸುತ್ತದೆ. ಆದರೆ ‘ವಿಸ್ತೀರ್ಣ’ದಂಥ ಪದವನ್ನು ಒಂದೊಂದೇ ಅಕ್ಷರವಾಗಿ ಬರೆಸಲು ಹೋದರೆ, ಒತ್ತು, ಗುಣಿತ, ಅರ್ಕಾವೊತ್ತು ಎಲ್ಲವೂ ಬೇರೆ ಬೇರೆ ತುಣುಕುಗಳಾಗಿ ಬಂದು ಮಕ್ಕಳಿಗೆ ಓದಲು ತೊಡಕಾಗುತ್ತದೆ. ಇಡೀ ಪದವನ್ನು ಒಮ್ಮೆಗೇ ಮೂಡಿಸಿರಿ. ಕರಡನ್ನು ಕಡಿಮೆ ಗುಣಮಟ್ಟದಲ್ಲಿ, ಸೆಕೆಂಡಿಗೆ 15 ಚೌಕಟ್ಟುಗಳಂತೆ ತೆಗೆದು ನೋಡಿ, ಕೊನೆಯ ಪ್ರತಿಯನ್ನು ಮಾತ್ರ ಹೆಚ್ಚಿನದರಲ್ಲಿ ತೆಗೆಯಿರಿ, ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬಹಳ ಸಮಯ ಉಳಿತಾಯವಾಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ವಿಡಿಯೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿರಿ. ಇಲ್ಲವಾದರೆ ತೆಳುವಾದ ಗೆರೆಗಳು ಮಸುಕಾಗಿ, ನೀವು ತೋರಿಸಬೇಕೆಂದಿದ್ದ ಚೂರೇ ಕಾಣುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಮಕ್ಕಳಿಗೆ ಹಿಡಿಸಬಹುದು. ವಿಜಯಪುರದ ಗೋಳಗುಮ್ಮಟಕ್ಕೆ ಪ್ರವಾಸ ಹೋಗುವ ಶಾಲೆಗಾಗಿ ನಾನು ಪಿಸುಮಾತಿನ ಮೊಗಸಾಲೆಯ (ಒಂದು ಬದಿಯ ಪಿಸುಮಾತು ಎದುರುಬದಿಗೂ ಕೇಳಿಸುವ ಜಾಗ) ಒಂದು ಅನಿಮೇಷನ್ ಮಾಡಿದ್ದೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಅಂದರೆ ತ್ರಿಜ್ಯ 19. ಗೋಡೆಯ ಪಕ್ಕ ನಿಂತು ಪಿಸುಗುಟ್ಟಿದ ಧ್ವನಿಯ ಒಂದು ಕಿರಣ ಗೋಡೆಗೆ 10 ಡಿಗ್ರಿ ಓರೆಯಾಗಿ ಹೊರಟಿತೆಂದು ಇಟ್ಟುಕೊಳ್ಳೋಣ. ಅದು ಒಂದು ಜ್ಯಾದ ಉದ್ದಕ್ಕೆ ಹೋಗಿ ಗೋಡೆಗೆ ಬಡಿದು ಅಷ್ಟೇ ಕೋನದಲ್ಲಿ ಮತ್ತೆ ಹೊರಡುತ್ತದೆ. ಪ್ರತಿ ಜ್ಯಾ ಕೇಂದ್ರದಲ್ಲಿ 20 ಡಿಗ್ರಿ ಮುಂದೆ ಒಯ್ಯುವುದರಿಂದ, ಒಂಬತ್ತು ಜ್ಯಾಗಳಲ್ಲಿ ಸರಿಯಾಗಿ ಎದುರುಬದಿಗೆ ತಲುಪುತ್ತದೆ. ದಾರಿಯುದ್ದಕ್ಕೂ ಗೋಡೆಯಿಂದ ಅದು ದೂರ ಸರಿಯುವುದು ಹೆಚ್ಚೆಂದರೆ 29 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು. ಆ 29 ಸೆಂಟಿಮೀಟರ್ ಯಾವುದೆಂದರೆ ಜ್ಯಾಗೂ ಕಂಸಕ್ಕೂ ನಡುವಿನ ಉಬ್ಬು, ನಿಮ್ಮ ಹುಡುಗ ಬೆರಳಿಟ್ಟು ತೋರಿಸಿದ ಅದೇ ಉಬ್ಬು. ವೃತ್ತವನ್ನು 18 ತುಂಡು ಮಾಡಿದರೆ ಪ್ರತಿ ತುಂಡಿನ ಬುಡದಲ್ಲಿ ಉಳಿಯುವುದು ಅದೇ ಚೂರು.


ಪ್ರತಿಕ್ರಿಯೆ: ನಿವೃತ್ತ ಉಪನ್ಯಾಸಕ, ವಿಜಯಪುರ

ಬೆಳಗಾವಿಯ ಮೇಡಂ ಅವರ ಗುಮ್ಮಟದ ಉದಾಹರಣೆ ಮನಸ್ಸಿಗೆ ಬಹಳ ಹಿಡಿಸಿತು. ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ. ಧ್ವನಿಯನ್ನು ಕಿರಣವೆಂದು ಎಣಿಸುವುದು ಮೊದಲ ಹೆಜ್ಜೆಗೆ ಸರಿ; ಆದರೆ ಧ್ವನಿ ಅಲೆ, ಅದು ಬಾಗಿದ ಗೋಡೆಗೆ ಅಂಟಿಕೊಂಡಂತೆ ಸಾಗುತ್ತದೆ ಎಂಬುದನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರ‍್ಯಾಲೇ 1910ರಲ್ಲಿ ಅಲೆಗಳ ಗಣಿತದಿಂದಲೇ ವಿವರಿಸಿದರು. ಅನಿಮೇಷನ್‌ನಲ್ಲಿ ಒಂದೇ ಕಿರಣವನ್ನು ತೋರಿಸದೆ 5, 10, 15, 20 ಡಿಗ್ರಿಗಳ ನಾಲ್ಕೈದು ಕಿರಣಗಳನ್ನು ಒಟ್ಟಿಗೆ ಬಿಟ್ಟರೆ, ಅವೆಲ್ಲ ಗೋಡೆಯ ಪಕ್ಕದ ಒಂದು ಪಟ್ಟಿಯಲ್ಲೇ ಸಾಗುವುದು ಕಾಣುತ್ತದೆ. 20 ಡಿಗ್ರಿಯ ಕಿರಣ ಕೂಡ ಗೋಡೆಯಿಂದ 1.15 ಮೀಟರಿಗಿಂತ ಹೆಚ್ಚು ದೂರ ಹೋಗುವುದಿಲ್ಲ. ಅದು ನಿಜಕ್ಕೆ ಹೆಚ್ಚು ಹತ್ತಿರ.

ಪರದೆಯ ಮೇಲೆ ಅಕ್ಷರವೇ ಬೇಡ ಎಂಬುದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಅಂಕಿಗಳು ಇರಲೇಬೇಕು. ಮೆಟ್ಟಿಲಿನ ತುಣುಕಿನಲ್ಲಿ 20 ಎಂಬ ಅಂಕಿ ಒಂದು ಮೂಲೆಯಲ್ಲಿ ಬದಲಾಗದೆ ನಿಂತಿರುವುದನ್ನು ನೋಡದಿದ್ದರೆ, ಮಕ್ಕಳ ಕಣ್ಣು ಮತ್ತೆ ಕರ್ಣವನ್ನೇ ನಂಬಿಬಿಡುತ್ತದೆ.


ಪ್ರತಿಕ್ರಿಯೆ: ಗಣಿತ ಶಿಕ್ಷಕಿ, ಮುಧೋಳ ತಾಲೂಕು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ವಾರ ಕೆಲಸ ಮಾಡಿ ಹೊಸ ತುಣುಕುಗಳನ್ನು ಸಿದ್ಧಪಡಿಸಿ, ಮೊನ್ನೆ ಶನಿವಾರ ತರಗತಿಯಲ್ಲಿ ತೋರಿಸಿದೆ. ಮೊದಲು ಮೆಟ್ಟಿಲು, ಮೂಲೆಯಲ್ಲಿ 20 ಎಂಬ ಅಂಕಿ. ಮೂವತ್ತೆರಡು ಮೆಟ್ಟಿಲಾದಾಗ ಅರ್ಧ ತರಗತಿ 14.14 ಆಗುತ್ತದೆ ಎಂದು ಬರೆದಿತ್ತು. ಅಂಕಿ ಬದಲಾಗದೆ ನಿಂತಾಗ ಉಂಟಾದ ಗದ್ದಲವನ್ನು ನೀವು ಕೇಳಬೇಕಿತ್ತು.

ಆಮೇಲೆ ವೃತ್ತ. ಲಗ್ನಪತ್ರಿಕೆಯ ತ್ರಿಭುಜಗಳನ್ನು ಮಕ್ಕಳು ಹಿಂದಿನ ದಿನವೇ ಕತ್ತರಿಸಿ ತಂದಿದ್ದರು, ಬಿಲ್ಲುಚೂರುಗಳು ಬೇರೆ ಚೀಲದಲ್ಲಿದ್ದವು. ಒಂದು ಚೂರನ್ನು ಪರದೆಯ ತುಂಬ ದೊಡ್ಡದು ಮಾಡಿ, ಆಯತ ಬಂದ ಕೂಡಲೇ ನಿಲ್ಲಿಸಿ, ಎಲ್ಲರಿಗೂ ಬರೆಯಲು ಎರಡು ನಿಮಿಷ ಕೊಟ್ಟೆ. ಹಿಂದಿನ ಬೆಂಚಿನ ಅದೇ ಹುಡುಗನ ಹಾಳೆಯಲ್ಲಿ ಹೀಗಿತ್ತು: “ಅರ್ಧಕ್ಕಿಂತ ಜಾಸ್ತಿ. ಯಾಕಂದ್ರ ತ್ರಿಭುಜ ಚೌಕಟ್ಟಿನ ಅರ್ಧ ಐತಿ, ಬಿಲ್ಲು ಚೌಕಟ್ಟಿಗಿಂತ ಸಣ್ಣದೈತಿ.” ಆ ಹಾಳೆಯನ್ನು ತೆಗೆದಿಟ್ಟುಕೊಂಡಿದ್ದೇನೆ. ಕರಗಿಸುವ ಆಜ್ಞೆಯನ್ನು ಎಲ್ಲ ಹಳೆಯ ತುಣುಕುಗಳಿಂದಲೂ ತೆಗೆಯುತ್ತಿದ್ದೇನೆ. ಹನ್ನೆರಡರಲ್ಲಿ ಏಳು ಕಡೆ ಅದು ಸಿಕ್ಕಿತು.

ಪಾಠ ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿ, ಚೆಂಡನ್ನೂ ಹೀಗೆಯೇ ನಡುವಿನಿಂದ ಸೀಳಬಹುದೇ ಎಂದು ಕೇಳಿದಳು. ಕೇಂದ್ರದಲ್ಲಿ ಚೂಪು, ಹೊರಮೈಯಲ್ಲಿ ಬುಡ ಇರುವ ಚಿಕ್ಕ ಚಿಕ್ಕ ಪಿರಮಿಡ್‌ಗಳಾಗಿ ಸೀಳಿದರೆ, ಗೋಳದ ಘನಫಲ ಮೇಲ್ಮೈ ವಿಸ್ತೀರ್ಣ ಮತ್ತು ತ್ರಿಜ್ಯಗಳ ಗುಣಲಬ್ಧದ ಮೂರನೆಯ ಒಂದು ಭಾಗ ಎಂದು ಅವಳಿಗೆ ಹೇಳಿದ್ದೇನೆ. ಇದನ್ನು ತುಣುಕಾಗಿ ಮಾಡಬೇಕೆಂದಿದ್ದೇನೆ, ಆದರೆ ಪಿರಮಿಡ್‌ಗಳನ್ನು ಹರಡಿ ನಿಲ್ಲಿಸಿದಾಗ ಒಂದರ ಹಿಂದೆ ಒಂದು ಮರೆಯಾಗುತ್ತವೆ, ಬುಡದ ಉಬ್ಬುಗಳು ಕಾಣುವುದೇ ಇಲ್ಲ. ಬೆಳಗಾವಿಯ ಮೇಡಂ, ಮೂರು ಆಯಾಮದ ದೃಶ್ಯದಲ್ಲಿ ಕ್ಯಾಮೆರಾವನ್ನು ಎಲ್ಲಿ ಇಟ್ಟರೆ ಆ ಚೂರುಗಳು ಕೊನೆಯವರೆಗೂ ಕಣ್ಣಿಗೆ ಬೀಳುತ್ತವೆ?